ದೇರಳಕಟ್ಟೆಯೋ, ಕಾಟಿಪಳ್ಳವೋ?

ಗಲ್ಫಿನಿಂದ ಊರಿಗೆ ಬಂದವರನ್ನು ಮದುವೆ ಮನೆಯಲ್ಲಿ ಕಂಡರೆ ಮೊದಲು ಸಲಾಂ, ಆಮೇಲೆ ‘ಯಾವಾಗ ಬಂದದ್ದು?’, ಅದರ ಹಿಂದೆಯೇ ‘ಯಾವಾಗ ವಾಪಸ್?’. ನಮ್ಮಲ್ಲಿ ಇದು ಮಾಮೂಲು. 2023ರ ಕೊನೆಗೆ ನಾವು ಜುಬೈಲಿನಿಂದ ಗಂಟುಮೂಟೆ ಕಟ್ಟಿ ಬಂದಾಗ ಇದಕ್ಕೆ ಮೂರನೆಯ ಪ್ರಶ್ನೆಯೊಂದು ಸೇರಿಕೊಂಡಿತು. ‘ಇನ್ನು ವಾಪಸ್ ಇಲ್ಲ’ ಎಂದದ್ದೇ ತಡ, ‘ಹಾಗಾದ್ರೆ ಮನೆ ಎಲ್ಲಿ ಮಾಡ್ತೀರಿ?’

ಈ ಪ್ರಶ್ನೆ ಈಗ ನಮ್ಮೊಬ್ಬರದ್ದಲ್ಲ. ಸೌದಿಯಲ್ಲಿ 2017ರ ಜುಲೈಯಿಂದ ಕುಟುಂಬದ ಒಬ್ಬೊಬ್ಬರ ತಲೆಗೆ ತಿಂಗಳಿಗೆ 100 ರಿಯಾಲ್ ಲೆವಿ ಶುರುವಾಗಿ, ವರ್ಷ ವರ್ಷ ಏರಿ 2020ಕ್ಕೆ 400 ಆಯಿತು. ಹೆಂಡತಿ, ಎರಡು ಮಕ್ಕಳು ಇದ್ದರೆ ತಿಂಗಳಿಗೆ 1,200 ರಿಯಾಲ್ ಬರೀ ಅದಕ್ಕೇ. ಆಗಲೇ ಎಷ್ಟೋ ಮನೆಯವರು ಊರಿಗೆ ಬಂದರು. ನಾವು ಹೇಗೋ ಹಲ್ಲು ಕಚ್ಚಿ ನಿಂತವರು. ಕೊನೆಗೆ ನಮ್ಮನ್ನು ಕರೆಸಿಕೊಂಡದ್ದು ಲೆವಿಯಲ್ಲ, ಮಾಮಿಯ ಕಿಡ್ನಿ.

ನಮ್ಮ ಮನೆ ಬಂಟ್ವಾಳ ತಾಲೂಕಿನ ಒಳಗಿನ ಒಂದು ಹಳ್ಳಿಯಲ್ಲಿ. ಬಸ್ಸು ಇಳಿದು ಒಂದೂವರೆ ಕಿಲೋಮೀಟರ್ ನಡೆಯಲಿಕ್ಕುಂಟು, ಇಲ್ಲವೇ ರಿಕ್ಷಾ. ಮಾಮಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಒಂದು ಸಲಕ್ಕೆ ನಾಲ್ಕು ಗಂಟೆ. ಅವರನ್ನು ಮೊದಲಿನಿಂದ ನೋಡುತ್ತಿದ್ದ ಡಾಕ್ಟರು ದೇರಳಕಟ್ಟೆಯಲ್ಲಿ. ನಮ್ಮ ಇವರಿಗೆ ಕೆಲಸ ಸಿಕ್ಕಿದ್ದು ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ. ಮಗಳು ಹತ್ತನೇ ಕ್ಲಾಸು ಮುಗಿಸಿ ಪಿಯುಸಿಗೆ, ಮಗ ಏಳನೆಗೆ. ಅಂದರೆ ಆಸ್ಪತ್ರೆ ಮಂಗಳೂರಿನ ತೆಂಕಣಕ್ಕೆ, ಅನ್ನ ಬಡಗಣಕ್ಕೆ. ನಡುವೆ ಎರಡು ನದಿ, ನೇತ್ರಾವತಿ ಮತ್ತು ಫಲ್ಗುಣಿ. ಎರಡು ಸೇತುವೆ. ಅದರ ಮಧ್ಯೆ ಪಂಪ್‌ವೆಲ್, ನಂತೂರು, ಕೆಪಿಟಿ, ಕೊಟ್ಟಾರ ಚೌಕಿ. ಹೆಸರು ಹೇಳುವಾಗಲೇ ಸುಸ್ತಾಗುತ್ತದೆ.

ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಎರಡು ಪಕ್ಷ ಆಯಿತು. ಕಾಕಂದಿರೆಲ್ಲ ದೇರಳಕಟ್ಟೆ: ‘ಆಸ್ಪತ್ರೆ ಉಂಟು, ಕಾಲೇಜು ಉಂಟು, ನಾಳೆ ಮಾರಿದ್ರೂ ನಷ್ಟ ಇಲ್ಲ.’ ಇವರ ತಂಗಿಯ ಗಂಡನ ಕಡೆಯವರೆಲ್ಲ ಸುರತ್ಕಲ್ ಪಕ್ಷ: ‘ಕಾಟಿಪಳ್ಳ, ಕೃಷ್ಣಾಪುರ ನೋಡಿ. ರೋಡು, ನೀರು, ಪಳ್ಳಿ ಎಲ್ಲ ಕಾಲ ಬುಡದಲ್ಲೇ.’ ದಮ್ಮಾಮಿನಲ್ಲಿ ಕೂತವರು ಗೂಗಲ್ ಮ್ಯಾಪಿನಲ್ಲಿ ಬೊಟ್ಟು ಇಟ್ಟು ಜಾಗ ತೋರಿಸುತ್ತಿದ್ದರು. ಇಷ್ಟೆಲ್ಲ ಚರ್ಚೆಯಲ್ಲಿ ಒಬ್ಬರೂ ಮಾಮಿಯನ್ನು ಕೇಳಲಿಲ್ಲ. ನಾವೂ ಮೊದಲು ಕೇಳಲಿಲ್ಲ ಎಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇವೆ.

ಗುಡ್ಡ ಕಡಿದು ಮಾಡಿದ ಜಾಗ

ಮೊದಲು ನೋಡಿದ್ದು ದೇರಳಕಟ್ಟೆ. ನಮ್ಮ ಮದುವೆಯ ಹೊತ್ತಿಗೆ ಕೊಣಾಜೆ ಯೂನಿವರ್ಸಿಟಿಗೆ ಹೋಗುವ ದಾರಿಯ ಒಂದು ಸ್ಟಾಪು ಎಂಬಷ್ಟೇ ನಮಗೆ ಅದರ ಗುರುತು. ಅತ್ತಿತ್ತ ಮುರಕಲ್ಲಿನ ಪದವು, ಗೇರುಗುಡ್ಡೆ. 1999ರಲ್ಲಿ ಕೆ.ಎಸ್. ಹೆಗ್ಡೆ ಮತ್ತು ಯೆನೆಪೋಯ ಮೆಡಿಕಲ್ ಕಾಲೇಜುಗಳು ಶುರುವಾದವು, 2016ರಲ್ಲಿ ನಾಟೆಕಲ್‌ನಲ್ಲಿ ಕಣಚೂರು. ಕೆಲವೇ ಕಿಲೋಮೀಟರಿನೊಳಗೆ ಮೂರು ಮೆಡಿಕಲ್ ಕಾಲೇಜು ಇರುವ ಜಾಗ ನಮ್ಮ ರಾಜ್ಯದಲ್ಲಿ ಎಷ್ಟಿದ್ದೀತು? ಪಕ್ಕದಲ್ಲೇ 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯ, ಆಚೆ ಮುಡಿಪಿನಲ್ಲಿ ಇನ್ಫೋಸಿಸ್. ರಾತ್ರಿ ಹನ್ನೊಂದಕ್ಕೂ ಮೆಡಿಕಲ್ ಶಾಪು ತೆರೆದಿರುತ್ತದೆ, ಶವರ್ಮ ಅಂಗಡಿಯೂ ತೆರೆದಿರುತ್ತದೆ.

ಇದರಿಂದ ಬಾಡಿಗೆಗೆ ಏನಾಯಿತು ಎಂಬುದು ಮನೆ ಹುಡುಕಲು ಇಳಿದ ಮೇಲೆ ಗೊತ್ತಾಯಿತು. ಎರಡು ಬೆಡ್‌ರೂಮಿನ ಫ್ಲ್ಯಾಟನ್ನು ಆರು ಜನ ವಿದ್ಯಾರ್ಥಿಗಳಿಗೆ ಕೊಟ್ಟರೆ ಮಾಲಕರಿಗೆ ತಲೆಯೊಂದಕ್ಕೆ ಲೆಕ್ಕ ಸಿಗುತ್ತದೆ. ಫ್ಯಾಮಿಲಿಗೆ ಕೊಟ್ಟರೆ ಒಂದೇ ಲೆಕ್ಕ. ಹೀಗಾಗಿ ‘ಫ್ಯಾಮಿಲಿಯಾ? ನೋಡುವ, ಫೋನ್ ಮಾಡ್ತೇವೆ’ ಎಂದವರ ಫೋನು ಬರಲೇ ಇಲ್ಲ. ಒಂದು ಕಡೆ ಸಿಕ್ಕಿತು, ಮೂರನೇ ಮಹಡಿ. ಲಿಫ್ಟ್ ಇತ್ತು, ಜನರೇಟರ್ ಇರಲಿಲ್ಲ. ಡಯಾಲಿಸಿಸ್ ಆಗಿ ಬಂದವರು ಕರೆಂಟು ಹೋದ ದಿನ ಮೂರು ಮಹಡಿ ಹತ್ತುವುದು ಹೇಗೆ? ಬಿಟ್ಟೆವು.

ಆಮೇಲೆ ಒಬ್ಬ ಬ್ರೋಕರ್ ಕಾಕ ಒಂದು ಜಾಗ ತೋರಿಸಿದರು. ಐದು ಸೆಂಟ್ಸ್. ಬೇರೆ ಕಡೆಗಿಂತ ಸೆಂಟ್ಸಿಗೆ ಸಾಕಷ್ಟು ಕಡಿಮೆ. ಗುಡ್ಡವನ್ನು ಜೆಸಿಬಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಸೈಟು ಮಾಡಿದ್ದರು. ನಮ್ಮ ಸೈಟಿನ ಹಿಂದೆ ಮೂರಾಳು ಎತ್ತರದ ಕೆಂಪು ಗೋಡೆ, ಅದರ ಮೇಲೆ ಇನ್ನೊಬ್ಬರ ಕಂಪೌಂಡು. ಮುಂದೆ ನಿಂತರೆ ದೂರದಲ್ಲಿ ಕಡಲಿನ ಒಂದು ಗೆರೆ. ನಮಗೆ ಆ ಗೆರೆಯೇ ಕಂಡದ್ದು. ‘ಹಿಂದಿನ ಗೋಡೆ?’ ಎಂದು ಇವರು ಕೇಳಿದ್ದಕ್ಕೆ ಕಾಕ, ‘ಅದು ಮುರಕಲ್ಲು ಮಾರಾಯ್ರೆ, ನೂರು ವರ್ಷ ಆದ್ರೂ ಅಲುಗ್ಲಿಕ್ಕಿಲ್ಲ’ ಎಂದರು. ಮೇ ತಿಂಗಳು. ಗೋಡೆ ಒಣಗಿ ಗಟ್ಟಿಯಾಗಿಯೇ ಇತ್ತು. ಐವತ್ತು ಸಾವಿರ ಟೋಕನ್ ಕೊಟ್ಟು ಬಂದೆವು.

2024ರ ಜೂನ್ 26ರ ಬೆಳಿಗ್ಗೆ ಫೋನಿನ ಮೇಲೆ ಫೋನು. ಅದೇ ರಸ್ತೆಯಲ್ಲಿ, ತೊಕ್ಕೊಟ್ಟಿಗೂ ದೇರಳಕಟ್ಟೆಗೂ ನಡುವೆ ಕುತ್ತಾರಿನ ಮದನಿನಗರದಲ್ಲಿ ಪಕ್ಕದ ಮನೆಯ ಆವರಣ ಗೋಡೆ ಕುಸಿದು ಮನೆಯ ಮೇಲೆ ಬಿದ್ದು ಗಂಡ, ಹೆಂಡತಿ, ಇಬ್ಬರು ಹೆಣ್ಣು ಮಕ್ಕಳು ತೀರಿಕೊಂಡಿದ್ದರು. ಇನ್ನಾಲಿಲ್ಲಾಹ್. ಆ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಸಂಜೆ ಮಳೆಯಲ್ಲೇ ಇವರು ನಮ್ಮ ಆ ಜಾಗಕ್ಕೆ ಹೋಗಿ ಬಂದರು. ಗೋಡೆಯ ಬುಡದಲ್ಲಿ ಕೆಂಪು ನೀರು ಊಟೆಯ ಹಾಗೆ ಹರಿಯುತ್ತಿತ್ತಂತೆ. ಮೇಲಿನಿಂದ ಒಂದು ಬುಟ್ಟಿಯಷ್ಟು ಮಣ್ಣು ಜಾರಿ ಬಿದ್ದಿತ್ತಂತೆ. ಮರುದಿನ ಟೋಕನ್ ವಾಪಸ್ ಕೇಳಿದೆವು. ಅರ್ಧ ಸಿಕ್ಕಿತು. ಉಳಿದ ಅರ್ಧ ಹೋದದ್ದಕ್ಕೆ ನಮಗೆ ಇಂದಿಗೂ ಬೇಜಾರಿಲ್ಲ.

ಮುರಕಲ್ಲು ಗಟ್ಟಿ ಎಂಬುದು ಸುಳ್ಳಲ್ಲ. ನಮ್ಮ ಅಜ್ಜಂದಿರ ಮನೆಗಳು ಅದೇ ಕಲ್ಲಿನವು. ಆದರೆ ಗಟ್ಟಿ ಇರುವುದು ಮೇಲಿನ ಪದರ. ಅದರ ಅಡಿಯಲ್ಲಿ ಮೆತ್ತನೆಯ ಜೇಡಿಮಣ್ಣು ಇರುತ್ತದೆ. ಬಾವಿ ತೋಡಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಗುಡ್ಡವನ್ನು ನೆಟ್ಟಗೆ ಕಡಿದಾಗ ಆ ಮೆತ್ತನೆಯ ಭಾಗ ಮಳೆಗೆ ತೆರೆದುಕೊಳ್ಳುತ್ತದೆ. ಮೇಲಿನ ಮನೆಯ ಅಂಗಳದ ನೀರು, ಪಿಟ್ಟಿನ ನೀರು ಎಲ್ಲ ಅದರೊಳಗೇ ಇಳಿಯುತ್ತದೆ. ತಡೆಗೋಡೆ ಕಟ್ಟಿದವರು ನೀರು ಹೊರಗೆ ಬರಲು ಪೈಪು ಇಡದಿದ್ದರೆ, ಗೋಡೆ ಹಿಡಿದು ನಿಲ್ಲಿಸಬೇಕಾದ್ದು ಬರೀ ಮಣ್ಣನ್ನಲ್ಲ, ಒಂದು ಕೆರೆಯನ್ನು. ಜಾಗ ನೋಡುವವರಿಗೆ ನಮ್ಮದೊಂದು ವಿನಂತಿ: ರಜೆಗೆ ಬಂದ ಏಪ್ರಿಲ್, ಮೇ ತಿಂಗಳಲ್ಲಿ ಗುಡ್ಡೆಯ ಸೈಟಿಗೆ ಅಡ್ವಾನ್ಸ್ ಕೊಡಬೇಡಿ. ಜುಲೈಯಲ್ಲಿ ಒಂದು ಜೋರು ಮಳೆಗೆ ಕೊಡೆ ಹಿಡಿದು ಅಲ್ಲಿ ಹೋಗಿ ನಿಲ್ಲಿ. ಹೋಗಲು ಆಗದವರು ನಂಬಿಕೆಯ ಯಾರನ್ನಾದರೂ ಕಳಿಸಿ ವಿಡಿಯೋ ತೆಗೆಸಿ.

ಬ್ಲಾಕುಗಳ ಊರು

ಕಾಟಿಪಳ್ಳಕ್ಕೆ ಹೋದ ದಿನ ಮಾಮಿಯನ್ನೂ ಕರೆದುಕೊಂಡು ಹೋದೆವು. ಅವರು ಕಾರಿನಿಂದ ಇಳಿದವರೇ ಅತ್ತಿತ್ತ ನೋಡಿ, ‘ಇಲ್ಲಿ ರೋಡು ಎಲ್ಲ ನೆಟ್ಟಗೆ ಉಂಟಲ್ಲ’ ಎಂದರು. ಹೌದು, ನಮ್ಮ ಊರುಗಳಲ್ಲಿ ರಸ್ತೆ ನೆಟ್ಟಗಿರುವುದೇ ವಿಶೇಷ. ಕಾಟಿಪಳ್ಳ, ಕೃಷ್ಣಾಪುರದಲ್ಲಿ ಎರಡನೇ ಬ್ಲಾಕು, ಮೂರನೇ ಬ್ಲಾಕು, ಏಳನೇ ಬ್ಲಾಕು ಎಂದು ಲೆಕ್ಕದಲ್ಲೇ ವಿಳಾಸ.

ಅದರ ಹಿಂದೆ ಒಂದು ಕಥೆ ಉಂಟು. ಪಣಂಬೂರಿನಲ್ಲಿ ಹೊಸ ಬಂದರು ಕಟ್ಟಲು ಹೊರಟಾಗ ಅಲ್ಲಿ, ಬೈಕಂಪಾಡಿಯ ಆಸುಪಾಸಿನಲ್ಲಿ ಗದ್ದೆ, ತೋಟ, ಮನೆ ಕಳೆದುಕೊಂಡವರಿಗೆ ಕೊಟ್ಟ ಪುನರ್ವಸತಿ ಜಾಗ ಇದು. ಕಳೆದುಕೊಂಡವರಲ್ಲಿ ಬ್ಯಾರಿಗಳೂ ಇದ್ದರು, ಮೊಗವೀರರೂ ಇದ್ದರು, ಬೇರೆಯವರೂ ಇದ್ದರು. 1974ರ ಮೇಯಲ್ಲಿ ಅದು ದೇಶದ ಒಂಬತ್ತನೇ ಪ್ರಮುಖ ಬಂದರು ಎಂದು ಘೋಷಣೆಯಾಯಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು. ಅದರ ಬೆನ್ನಿಗೆ ಎಂಸಿಎಫ್, ಆಮೇಲೆ ಎಂಆರ್‌ಪಿಎಲ್. ಆದರೆ ಆ ಬಂದರಿನ ನೀರು ನಿಂತ ಜಾಗದಲ್ಲಿ ಯಾರದ್ದೋ ತೆಂಗಿನ ತೋಟ ಇತ್ತು ಎಂಬುದು ಈಗ ಕಂಟೈನರ್ ಲಾರಿಯ ಸಾಲು ನೋಡುವಾಗ ಯಾರಿಗೂ ನೆನಪಾಗುವುದಿಲ್ಲ.

ನಾವು ನೋಡಲು ಹೋದ ಮನೆಯ ಎದುರು ಒಬ್ಬರು ಹಿರಿಯ ಕಾಕ ಸಿಟೌಟಿನಲ್ಲಿ ಕೂತಿದ್ದರು. ಬಾಲ್ಯ ಪಣಂಬೂರಿನಲ್ಲಿ, ಉಳಿದ ಆಯುಷ್ಯ ಇಲ್ಲಿ. ‘ಎರಡು ಊರು ನೋಡ್ತಾ ಇದ್ದೇವೆ, ಯಾವುದು ಅಂತ ಗೊತ್ತಾಗ್ತಿಲ್ಲ’ ಎಂದು ಇವರು ಹೇಳಿದರು. ಕಾಕ ನಕ್ಕು, ‘ನಿಮ್ಮ ಕಷ್ಟ ಒಳ್ಳೇ ಕಷ್ಟ. ನಮ್ಮ ಬಾವನವರಿಗೆ ಎರಡು ಇರ್ಲಿಲ್ಲ. ಒಂದೇ ಇತ್ತು, ಅದು ಇದು’ ಎಂದರು. ಬಂದ ಹೊಸತಿಗೆ ಇಲ್ಲಿ ನೆರಳಿಗೆ ಒಂದು ಮರ ಇರಲಿಲ್ಲವಂತೆ. ಈಗ ಅವರ ಅಂಗಳದಲ್ಲಿ ಒಂದು ಹಲಸು, ಎರಡು ಮಾವು.

ಕಾಟಿಪಳ್ಳದ ಲಾಭಗಳನ್ನು ಹೇಳಬೇಕು. ಇದು ಮಹಾನಗರ ಪಾಲಿಕೆಯ ವ್ಯಾಪ್ತಿ, ತುಂಬೆ ಅಣೆಕಟ್ಟಿನ ನೀರು ನಳ್ಳಿಯಲ್ಲಿ ಬರುತ್ತದೆ. 2019ರಲ್ಲಿ, ಮತ್ತೆ 2023ರಲ್ಲಿ ನೇತ್ರಾವತಿ ಬತ್ತಿದಾಗ ಇಡೀ ಮಂಗಳೂರಿಗೆ ರೇಷನಿಂಗ್ ಆಯಿತು ನಿಜ. ಆದರೂ ಟ್ಯಾಂಕರಿಗೆ ಕಾಯುವುದಕ್ಕಿಂತ ದಿನ ಬಿಟ್ಟು ದಿನ ನೀರು ಮೇಲು. ಬೈಕಂಪಾಡಿಗೆ ಹತ್ತು ಹದಿನೈದು ನಿಮಿಷ. ಹೊರಗೆ ಬಂದರೆ ಸುರತ್ಕಲ್ ಪೇಟೆ, ಕೊಂಕಣ ರೈಲ್ವೆಯ ಸ್ಟೇಷನ್ನು, ಎನ್‌ಐಟಿಕೆ, 1967ರಿಂದ ಇರುವ ಗೋವಿಂದದಾಸ ಕಾಲೇಜು. ಎನ್‌ಐಟಿಕೆ ಎದುರಿನ ಟೋಲ್‌ಗೇಟ್ ಹೋರಾಟದ ಬಳಿಕ 2022ರ ಡಿಸೆಂಬರ್ 1ರಿಂದ ವಸೂಲಿ ನಿಲ್ಲಿಸಿದೆ, ಉಡುಪಿ ಕಡೆಗೆ ಓಡಾಡುವವರಿಗೆ ಒಂದು ಭಾರ ಇಳಿಯಿತು.

ನಷ್ಟವೂ ಉಂಟು. ಗಾಳಿ ಬೀಸುವ ದಿಕ್ಕು ನೋಡಿ ಕೆಲವು ದಿನ ಒಂದು ವಾಸನೆ. ‘ಅಭ್ಯಾಸ ಆಗ್ತದೆ’ ಎನ್ನುತ್ತಾರೆ ಅಲ್ಲಿಯವರು. ಅಭ್ಯಾಸವಾಗುವುದು ಒಳ್ಳೆಯದೋ ಕೆಟ್ಟದ್ದೋ ನಮಗೆ ಗೊತ್ತಾಗಲಿಲ್ಲ. ಹೆದ್ದಾರಿ ಪೂರ್ತಿ ಟ್ಯಾಂಕರು, ಲಾರಿ. ಮಗ ಸೈಕಲ್ ಹಿಡಿದು ಹೈವೇಗೆ ಇಳಿದರೆ ಎಂಬ ಹೆದರಿಕೆ ಒಂದು. ಇನ್ನೊಂದು, ಮನೆಯ ಕಾಗದಪತ್ರ. ನಾವು ನೋಡಿದ ಮನೆ ಪುನರ್ವಸತಿಯ ಜಾಗ. ಮೂಲ ಹಕ್ಕುಪತ್ರ ಅಜ್ಜನ ಹೆಸರಿನಲ್ಲಿ, ಅಜ್ಜ ತೀರಿಕೊಂಡು ವರ್ಷಗಳಾಗಿವೆ, ವಾರಸುದಾರರು ಒಂಬತ್ತು ಜನ. ಅದರಲ್ಲಿ ಇಬ್ಬರು ದುಬೈಯಲ್ಲಿ, ಒಬ್ಬರು ಎಲ್ಲಿದ್ದಾರೆ ಎಂದೇ ಗೊತ್ತಿಲ್ಲ. ವಕೀಲರಿಗೆ ತೋರಿಸಿದೆವು. ‘ಒಂಬತ್ತು ಸಹಿ ಆಗದೆ ಒಂದು ರೂಪಾಯಿ ಕೊಡಬೇಡಿ’ ಎಂದರು. ದೇರಳಕಟ್ಟೆ ಕಡೆ ಕಥೆ ಬೇರೆ. ಅಲ್ಲಿ ಪಂಚಾಯತಿನ 9/11, ಭೂಪರಿವರ್ತನೆ, ಮುಡಾದ ಸಿಂಗಲ್ ಸೈಟ್ ಅಪ್ರೂವಲ್ ಇವು ಮೂರೂ ಸರಿ ಇವೆಯಾ ನೋಡಬೇಕು. ಅಲ್ಲಿ ಜಾಗ ಹೊಸತು, ಕಾಗದ ಅರ್ಧ. ಇಲ್ಲಿ ಕಾಗದ ಹಳತು, ಸಹಿ ಅರ್ಧ.

ಉಳಿದ 160 ಗಂಟೆ

ನಾವು ಕಾಗದ ನೋಡುತ್ತಿದ್ದ ಹೊತ್ತಿನಲ್ಲಿ ಮಾಮಿ ಮಾಯ. ಹುಡುಕಿದರೆ ಎದುರು ಮನೆಯ ಕಾಕನವರ ಹೆಂಡತಿಯ ಜೊತೆ ಅಡುಗೆಕೋಣೆಯ ಬಾಗಿಲಲ್ಲಿ ಕೂತು ಮಾತು. ಆಕೆಯ ತವರು ನಮ್ಮ ಹಳ್ಳಿಯ ಪಕ್ಕದ್ದಂತೆ. ಯಾರ ಮಗಳು, ಯಾರ ತಂಗಿ, ಯಾವ ನಿಕಾಹ್‌ನಲ್ಲಿ ಕಂಡದ್ದು ಎಲ್ಲ ಜೋಡಿಸಿ ಆಗಿತ್ತು. ಆಕೆ ಒಳಗಿಂದ ಎಳನೀರು ತಂದರು. ಮಾಮಿಗೆ ಎಳನೀರು ಕುಡಿಯಲಿಕ್ಕಿಲ್ಲ, ಡಯಾಲಿಸಿಸ್‌ನವರಿಗೆ ಅದರ ಪೊಟ್ಯಾಸಿಯಂ ಆಗದು, ನೀರೂ ಅಳತೆ ಮಾಡಿ. ಅರ್ಧ ಗ್ಲಾಸು ಕಣ್ಣಚಾ ಸಾಕು ಎಂದು ಆಕೆಗೆ ವಿವರಿಸಿ ಹೇಳಿದವರೂ ಮಾಮಿಯೇ. ಒಂದೂವರೆ ಗಂಟೆ ಕಳೆಯಿತು. ಜುಬೈಲಿನಿಂದ ಬಂದ ಆರು ತಿಂಗಳಲ್ಲಿ ಅವರು ಅಷ್ಟು ನಕ್ಕದ್ದನ್ನು ನಾವು ನೋಡಿರಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಇವರು ಲೆಕ್ಕ ಹಾಕಿದರು. ‘ಇಲ್ಲಿಂದ ದೇರಳಕಟ್ಟೆಗೆ ಸುಮಾರು ಮೂವತ್ತು ಕಿಲೋಮೀಟರ್. ವಾರಕ್ಕೆ ಎರಡು ಸಲ ಹೋಗಿ ಬರುವುದು ಉಮ್ಮನಿಂದ ಆಗುವ ಕೆಲಸ ಅಲ್ಲ.’ ಅದೂ ಸತ್ಯ. ಮಿಷನ್ನಿನಿಂದ ಇಳಿದ ಮೇಲೆ ಅವರಿಗೆ ಬಿಪಿ ಇಳಿಯುತ್ತದೆ, ಕಾರಿನಲ್ಲಿ ವಾಂತಿ. ನಂತೂರಿನ ಬ್ಲಾಕಿನಲ್ಲಿ ಒಮ್ಮೆ ಮುಕ್ಕಾಲು ಗಂಟೆ ಸಿಕ್ಕಿ ಬಿದ್ದದ್ದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಮುಕ್ಕದಲ್ಲೂ ಮೆಡಿಕಲ್ ಕಾಲೇಜು ಆಸ್ಪತ್ರೆ ಉಂಟು, ಅಲ್ಲಿಗೆ ಬದಲಿಸಬಹುದಲ್ಲ ಎಂದರು ತಂಗಿಯ ಗಂಡ. ಆದರೆ ಮಾಮಿಗೆ ತನ್ನ ಡಾಕ್ಟರನ್ನು, ಸೂಜಿ ಚುಚ್ಚುವ ಆ ಒಬ್ಬಳು ಹುಡುಗಿಯನ್ನು ಬಿಡಲು ಮನಸ್ಸಿಲ್ಲ. ಆ ವಯಸ್ಸಿನಲ್ಲಿ ನಂಬಿಕೆಯೂ ಒಂದು ಮದ್ದು.

ಹಿಂದಿನ ಸೀಟಿನಲ್ಲಿ ಕೂತಿದ್ದ ಮಗಳು ಕೇಳಿದಳು: ‘ವಾರದಲ್ಲಿ 168 ಗಂಟೆ. ಅಜ್ಜಿ ಮಿಷನ್ನಿನಲ್ಲಿ ಇರುವುದು ಎಂಟು. ಬಾಕಿ 160 ಗಂಟೆ ಅಜ್ಜಿ ಯಾರ ಹತ್ತಿರ ಮಾತಾಡುವುದು?’

ಕಾರಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾವು ಎಂಟು ಗಂಟೆಗೆ ಊರು ಹುಡುಕುತ್ತಿದ್ದೆವು. ನಮ್ಮ ಗಂಡಸರು ಕೆಲಸಕ್ಕೆ ಹೋಗುತ್ತಾರೆ, ಮಕ್ಕಳು ಶಾಲೆಗೆ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಆ ಮನೆಯಲ್ಲಿ ಇರುವವರು ಮಾಮಿ ಮತ್ತು ನಾವು. ಆ ಹೊತ್ತಿನಲ್ಲಿ ಆ ಓಣಿ ಹೇಗಿರುತ್ತದೆ ಎಂದು ನಾವೇ ಒಮ್ಮೆಯೂ ನೋಡಿರಲಿಲ್ಲ. ಮನೆ ನೋಡುವುದೆಲ್ಲ ಆದಿತ್ಯವಾರ ಸಂಜೆ, ಇವರಿಗೆ ರಜೆ ಇದ್ದಾಗ.

ಆಮೇಲೆ ಹುಡುಕಿದ ರೀತಿ ಬದಲಾಯಿತು. ನಾವಿಬ್ಬರೂ ಡಯಾಲಿಸಿಸ್ ದಿನಗಳಲ್ಲಿ, ಮಾಮಿ ಒಳಗಿರುವ ನಾಲ್ಕು ಗಂಟೆ ಆಸ್ಪತ್ರೆಯ ಬೆಂಚಿನಲ್ಲಿ ಕೂರುವ ಬದಲು ಸುತ್ತಮುತ್ತಲಿನ ಓಣಿಗಳಲ್ಲಿ ನಡೆದೆವು. ಮುಖ್ಯರಸ್ತೆಯ ಫ್ಲ್ಯಾಟುಗಳನ್ನು ಬಿಟ್ಟು ಒಳಗೆ, ಹಳೇ ಮನೆಗಳಿರುವ ಕಡೆ. ಅಸರ್ ನಮಾಝಿನ ಬಳಿಕ ಪಳ್ಳಿಯ ಹತ್ತಿರ ಇವರು ನಾಲ್ಕು ಜನರಲ್ಲಿ ಹೇಳಿ ಇಟ್ಟರು. ಬೀಡಿ ಕಟ್ಟುವ ಮನೆಗಳ ಜಗಲಿಯಲ್ಲಿ ನಾವೂ ವಿಚಾರಿಸಿದೆವು. ಮೂರನೇ ವಾರಕ್ಕೆ ಸಿಕ್ಕಿತು: ನಾಟೆಕಲ್ ಕಡೆಗೆ ಹೋಗುವ ದಾರಿಯಿಂದ ಒಳಗೆ, ಸಮತಟ್ಟು ಜಾಗದಲ್ಲಿ, ಮಾಲಕರು ಮೇಲೆ ಇರುವ ಮನೆಯ ಕೆಳಗಿನ ಭಾಗ. ತಿಂಗಳಿಗೆ ಹನ್ನೆರಡು ಸಾವಿರ. ಬಾವಿ ಉಂಟು. ಪಿಟ್ಟು ಬಾವಿಯಿಂದ ಎಷ್ಟು ದೂರ ಎಂದು ಹೆಜ್ಜೆ ಹಾಕಿ ಅಳೆದೆವು, ಪಕ್ಕದ ಮನೆಯ ಪಿಟ್ಟನ್ನೂ. ಮಾಲಕರು ನಮ್ಮನ್ನು ವಿಚಿತ್ರವಾಗಿ ನೋಡಿದರು. ಒಳಚರಂಡಿ ಇಲ್ಲದ ಊರಿನಲ್ಲಿ, ಐದು ಸೆಂಟ್ಸಿಗೆ ಒಂದು ಬಾವಿ, ಒಂದು ಪಿಟ್ಟು ಇರುವ ಕಡೆ, ನಮ್ಮ ಬಾವಿ ನಮ್ಮದು ಮಾತ್ರ ಆಗಿರುವುದಿಲ್ಲ.

ಜುಲೈಯಲ್ಲಿ ಒಕ್ಕಲು ಬಂದೆವು. ಖರೀದಿ ಅಲ್ಲ, ಬಾಡಿಗೆ. ‘ಇಷ್ಟು ವರ್ಷ ಗಲ್ಫಿನಲ್ಲಿದ್ದು ಬಾಡಿಗೆ ಮನೆಯಾ?’ ಎಂದವರು ಎಷ್ಟೋ ಜನ.

ಜಮಾಅತ್, ಮದ್ರಸ, ಕಾಲೇಜು

ಮನೆ ಬದಲಿಸುವುದೆಂದರೆ ನಮಗೆ ಜಮಾಅತ್ ಬದಲಿಸುವುದೂ ಹೌದು. ಒಂದು ರಾತ್ರಿ ಮಾಮಿ ಸಹಜವಾಗಿ ಕೇಳಿದರು, ‘ಮಯ್ಯತ್ ಆದ್ರೆ ಎಲ್ಲಿಗೆ?’ ನಾವು ಗದರಿಸಿದೆವು. ಆದರೆ ಪ್ರಶ್ನೆ ಸರಿಯಾದದ್ದೇ. ಹೊಸ ಬಡಾವಣೆಗೆ, ಫ್ಲ್ಯಾಟಿಗೆ ಬಂದ ಎಷ್ಟೋ ಮಂದಿ ವರ್ಷಗಟ್ಟಲೆ ಯಾವ ಜಮಾಅತ್‌ನ ದಫ್ತರಿನಲ್ಲೂ ಇರುವುದಿಲ್ಲ. ಹಳೇ ಊರಿನಲ್ಲಿ ವಂತಿಗೆ ಬಾಕಿ, ಹೊಸ ಊರಿನಲ್ಲಿ ಹೆಸರಿಲ್ಲ. ಮಗಳ ನಿಕಾಹ್‌ಗೆ ಪತ್ರ ಬೇಕಾದಾಗ, ಇಲ್ಲವೇ ಒಂದು ಮರಣವಾದಾಗಲೇ ನೆನಪಾಗುವುದು. ಒಂದೊಂದು ಜಮಾಅತ್‌ನ ಕ್ರಮ ಒಂದೊಂದು. ನಾವು ಮೊದಲ ತಿಂಗಳೇ ಹೋಗಿ ವಿಚಾರಿಸಿದೆವು. ಬಾಡಿಗೆಯವರಿಗೂ ಇಲ್ಲಿ ಹೆಸರು ಬರೆಸಲಿಕ್ಕುಂಟು ಎಂದರು, ಬರೆಸಿದೆವು. ಊರಿನ ವಂತಿಗೆಯನ್ನೂ ನಿಲ್ಲಿಸಲಿಲ್ಲ. ಮಾಮಿಗೆ ಮಾವನ ಪಕ್ಕದಲ್ಲೇ ಜಾಗ ಬೇಕಂತೆ. ಅದು ಅವರ ಇಷ್ಟ.

ಮಗನ ಕಷ್ಟ ಬೇರೆ. ಮದ್ರಸ ಬೆಳಿಗ್ಗೆ ಏಳಕ್ಕೆ, ಕೆಲವು ಶಾಲೆಗಳ ಬಸ್ಸು ಏಳು ಮುಕ್ಕಾಲಿಗೇ ಬಾಗಿಲಲ್ಲಿ. ಎರಡೂ ಹೊಂದುವ ಶಾಲೆ ಹುಡುಕಬೇಕು, ಇಲ್ಲವೇ ಸಂಜೆಯ ಮದ್ರಸ. ಅವನಿಗೆ ಬ್ಯಾರಿ ಬರುತ್ತದೆ, ಹಿಂದಿ, ಇಂಗ್ಲಿಷ್ ಬರುತ್ತದೆ, ಕನ್ನಡ ಅಕ್ಷರ ಬರುತ್ತಿರಲಿಲ್ಲ. ಮೊದಲ ಟೆಸ್ಟಿನಲ್ಲಿ ಕನ್ನಡಕ್ಕೆ ಮೂರು ಮಾರ್ಕು. ಮೇಲಿನ ಮನೆಯ ಮಾಲಕರ ಮಗಳು, ಟಿಸಿಎಚ್ ಮಾಡಿದವರು, ದಿನಾ ಸಂಜೆ ಅರ್ಧ ಗಂಟೆ ಕೂರಿಸಿ ಕಲಿಸಿದರು. ಈಗ ಬಸ್ಸಿನ ಬೋರ್ಡು ಜೋರಾಗಿ ಓದುತ್ತಾನೆ. ಗಲ್ಫಿನಿಂದ ಬರುವವರು ಕೊನೆಯ ವರ್ಷವಾದರೂ ಅಲ್ಲೇ ಮಕ್ಕಳಿಗೆ ಕಾಗುಣಿತ ಕಲಿಸಿ ಕರೆತನ್ನಿ.

ಮಗಳಿಗೆ ಕಾಲೇಜು ಹುಡುಕುವಾಗ ನಾವು ಕೇಳಿದ ಮೊದಲ ಪ್ರಶ್ನೆ ಫೀಸಿನದ್ದಲ್ಲ, ತಲೆಯ ಮೇಲಿನ ಬಟ್ಟೆಯದ್ದು. 2022ರ ಮಾರ್ಚ್‌ನಲ್ಲಿ ಹೈಕೋರ್ಟ್ ತೀರ್ಪು ಬಂತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ಅಲ್ಲಿಂದ ಇಲ್ಲಿಗೆ ಒಂದೊಂದು ಕಾಲೇಜಿನ ನಿಯಮ ಒಂದೊಂದು. ಸುತ್ತಿ ಬಳಸಿ ಕೇಳಿದರೆ ಸುತ್ತಿ ಬಳಸಿಯೇ ಉತ್ತರ. ಎರಡೂ ಕಡೆ ಫೋನ್ ಮಾಡಿ ನೇರ ಕೇಳಿದೆವು. ಹೌದೆಂದವರೂ ಇದ್ದರು, ಇಲ್ಲವೆಂದವರೂ ಇದ್ದರು, ‘ಬನ್ನಿ, ನೋಡುವ’ ಎಂದವರೂ. ಹೌದು ಎಂದ ಕಡೆಗೆ ಹಾಕಿದೆವು. ಬಸ್ಸಿಗೆ ದಿನವೂ ದುಡ್ಡೇ. ಹೆಣ್ಣು ಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ 2023ರ ಜೂನ್‌ನಿಂದ ಉಚಿತ, ಆದರೆ ನಮ್ಮ ರೂಟಿನಲ್ಲಿ ಸರಕಾರಿ ಬಸ್ಸು ಎಲ್ಲಿ ಉಂಟು ಹೇಳಿ?

ಇನ್ನು ಗಲಾಟೆಯ ಮಾತು. ಮನೆ ಹುಡುಕುವಾಗ ಎಲ್ಲರೂ ತಗ್ಗಿದ ದನಿಯಲ್ಲಿ ಹೇಳುವುದು ಇದನ್ನೇ. ‘ಆ ಕಡೆ ಬೇಡ, ಗಲಾಟೆ.’ ಸುರತ್ಕಲಿನವರು ಉಳ್ಳಾಲದ ಕಡೆಗೆ ಬೊಟ್ಟು ತೋರಿಸುತ್ತಾರೆ, ಉಳ್ಳಾಲದವರು ಸುರತ್ಕಲಿಗೆ. 2022ರ ಜುಲೈಯಲ್ಲಿ ಸುರತ್ಕಲಿನಲ್ಲಿ ನಿಷೇಧಾಜ್ಞೆ ಇತ್ತು. 2025ರ ಮೇಯಲ್ಲಿ ಮಂಗಳೂರು ಪೊಲೀಸ್ ಕಮಿಷನರೇಟ್ ಪೂರ್ತಿ ನಿಷೇಧಾಜ್ಞೆ, ಎರಡೂ ಊರು ಅದರೊಳಗೇ. ಆ ದಿನಗಳಲ್ಲಿ ಇವರು ಬೈಕಂಪಾಡಿಯಿಂದ ಮನೆ ಮುಟ್ಟುವವರೆಗೆ ನಾವು ಗೇಟಿನ ಹತ್ತಿರವೇ. ಪಕ್ಕದ ಮನೆಯ ಶೆಟ್ಟರ ಹೆಂಡತಿ ದಿನಾ ಕಂಪೌಂಡಿನ ಆಚೆಯಿಂದ ಕೇಳುತ್ತಿದ್ದರು, ‘ಬಂದ್ರಾ ಇವರು?’ ಬಂದ ಮೇಲೆಯೇ ಅವರೂ ಒಳಗೆ ಹೋಗುತ್ತಿದ್ದದ್ದು. ಊರು ಆರಿಸುವಾಗ ಇದನ್ನು ಯಾವ ಲೆಕ್ಕದಲ್ಲಿ ಬರೆಯುವುದು ಎಂದು ನಮಗೆ ಗೊತ್ತಿರಲಿಲ್ಲ. ಈಗ ಮೊದಲ ಸಾಲಿನಲ್ಲಿ ಬರೆಯುತ್ತೇವೆ.

ಅದೇ ಮೇ ತಿಂಗಳ 30ರಂದು, ಮಳೆ ಮೊದಲೇ ಸುರಿದು, ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಜರಿದು ಅಜ್ಜಿ ಮತ್ತು ಇಬ್ಬರು ಪುಟ್ಟ ಮೊಮ್ಮಕ್ಕಳು ಹೋದರು. ಅದೇ ದಿನ ದೇರಳಕಟ್ಟೆ ಸಮೀಪದ ಕಾನಕೆರೆಯಲ್ಲಿ ಒಂದು ಹೆಣ್ಣು ಮಗು. ಒಂದು ಹಿಂದೂ ಮನೆ, ಒಂದು ಮುಸ್ಲಿಂ ಮನೆ. ಮಣ್ಣಿಗೆ ಅದೆಲ್ಲ ಗೊತ್ತಿಲ್ಲ. ನಾವು ಟೋಕನ್ ಕೊಟ್ಟಿದ್ದ ಆ ಸೈಟಿನಲ್ಲಿ ಈಗ ಯಾರೋ ಪಂಚಾಂಗ ಹಾಕಿದ್ದಾರೆ. ಇವರು ಹೋಗಿ ಆ ಮನೆಯವರನ್ನು ಹುಡುಕಿ, ಹಿಂದಿನ ಗೋಡೆಯ ಬುಡದಲ್ಲಿ ಕಂಡದ್ದನ್ನು ಹೇಳಿ ಬಂದರು. ಅವರು ಮಸ್ಕತ್‌ನಲ್ಲಿದ್ದಾರೆ, ಮೇಸ್ತ್ರಿಯ ಫೋನಿನಿಂದಲೇ ಮಾತಾಡಿದ್ದು. ‘ತಡೆಗೋಡೆ ಆಮೇಲೆ ಕಟ್ಟುವ ಅಂತ ಇದ್ದೆವು’ ಎಂದರಂತೆ. ಮೊದಲು ಅದು, ಆಮೇಲೆ ಮನೆ ಎಂದು ಇವರು ಮೂರು ಸಲ ಹೇಳಿದ್ದಾರೆ.

ನಮ್ಮ ಲೆಕ್ಕಕ್ಕೆ ಬಂದರೆ, ಎರಡು ಮಳೆಗಾಲ, ಒಂದು ಬೇಸಿಗೆ ಈ ಮನೆಯಲ್ಲಿ ಕಳೆದೆವು. ಏಪ್ರಿಲ್ ಕೊನೆಗೆ ಬಾವಿಯ ತಳ ಕಂಡಿತು. ಎಂಟು ಸಲ ಟ್ಯಾಂಕರ್ ತರಿಸಿದೆವು, ಖರ್ಚು ಮಾಲಕರೂ ನಾವೂ ಅರ್ಧ ಅರ್ಧ. ಇವರು ಬೆಳಿಗ್ಗೆ ಏಳೂಕಾಲಿಗೆ ಸ್ಕೂಟರ್ ಹತ್ತುತ್ತಾರೆ. 25 ಕಿಲೋಮೀಟರ್, ಒಳ್ಳೆಯ ದಿನ ಐವತ್ತು ನಿಮಿಷ, ಕೊಟ್ಟಾರ ಚೌಕಿಯಲ್ಲಿ ನೀರು ನಿಂತ ದಿನ ಎಷ್ಟು ಎಂದು ಕೇಳಬೇಡಿ. ಸೊಂಟ ನೋವು ಶುರುವಾಗಿದೆ. ಅದನ್ನು ಲಾಭದ ಬದಿಗೆ ಬರೆಯಲು ಆಗುವುದಿಲ್ಲ. ಮಾಮಿಗೆ ಆಸ್ಪತ್ರೆ ರಿಕ್ಷಾದಲ್ಲಿ ಎಂಟು ನಿಮಿಷ. ಓಣಿಯಲ್ಲಿ ಬೀಡಿ ಕಟ್ಟುವ ಮೂರು ಜನ ಹೆಂಗಸರು ಮಧ್ಯಾಹ್ನ ನಮ್ಮ ಸಿಟೌಟಿಗೇ ಸೂಪು ಹಿಡಿದು ಬರುತ್ತಾರೆ.

ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡ 1ರಿಂದ 2 ಆಗಿದೆ. ‘ಆವಾಗಲೇ ತಗೊಂಡಿದ್ರೆ ಉಳೀತಿತ್ತಲ್ಲ’ ಎಂದು ಬ್ರೋಕರ್ ಕಾಕ ಸಿಕ್ಕಾಗೆಲ್ಲ ಹೇಳುತ್ತಾರೆ. ಕಾಟಿಪಳ್ಳದ ಆ ಮನೆಯ ಸಹಿಗಳು ಏಳಕ್ಕೆ ಬಂದು ನಿಂತಿವೆಯಂತೆ. ಎದುರು ಮನೆಯ ಕಾಕನವರ ಹೆಂಡತಿ ವಾರಕ್ಕೊಮ್ಮೆ ಮಾಮಿಗೆ ಫೋನ್ ಮಾಡುತ್ತಾರೆ, ಸುದ್ದಿ ನಮಗೆ ಸಿಗುವುದು ಹಾಗೆ. ಮಗಳ ಸೆಕೆಂಡ್ ಪಿಯುಸಿ ಪರೀಕ್ಷೆ ಮಾರ್ಚ್‌ನಲ್ಲಿ ಮುಗಿಯುತ್ತದೆ. ಅಲ್ಲಿವರೆಗೆ ಮನೆ ಬಿಡುವುದಿಲ್ಲ ಎಂದು ಮಾಲಕರಿಗೆ ಹೇಳಿದ್ದೇವೆ. ಮೊನ್ನೆ ಡಯಾಲಿಸಿಸ್‌ನಿಂದ ಬರುವಾಗ ರಿಕ್ಷಾದಲ್ಲಿ ಮಾಮಿಯನ್ನು ಕೇಳಿದೆವು, ಈ ಸಲ ಮೊದಲು ಅವರನ್ನೇ: ‘ಮಾಮಿ, ಇಲ್ಲಿಯೇ ಜಾಗ ನೋಡುವುದಾ, ಕಾಟಿಪಳ್ಳವಾ?’

‘ಅವಳ ಪರೀಕ್ಷೆ ಆಗ್ಲಿ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಆ ಎರಡು ಸಹಿ ಯಾರದ್ದು ಬಾಕಿ ಅಂತ ಕೇಳಿ ನೋಡು’ ಎಂದರು.